ಶಾಖನಿರೋಧಕ ಹಾಸಿದ ಮೇಲೂ ಐಸ್ ರಿಂಕ್‌ನ ನೆಲದಡಿ ಬಿಸಿ ಕೊಳವೆಗಳು ಬೇಕೇ?

ಬೇಕೇ ಬೇಕು. ಹತ್ತು ಸೆಂಟಿಮೀಟರ್ ದಪ್ಪದ ಪಾಲಿಸ್ಟೈರೀನ್ ಹಲಗೆ ಹಾಸುತ್ತಿರುವಾಗ ಮಂಜುಗಡ್ಡೆಯ ಕೆಳಗೆ ಬಿಸಿ ಹರಿಸುವ ದುಂದುವೆಚ್ಚ ಏಕೆಂದು ನೀವು ಕೇಳಿದ್ದೀರಿ. ವರ್ಷವಿಡೀ ನಡೆಯುವ ಒಳಾಂಗಣ ರಿಂಕ್ (ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ಅಂಗಳ) ಒಂದರ ನಿರ್ವಹಣೆ ವಹಿಸಿಕೊಂಡ ಹೊಸದರಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು. ಬಿಸಿಲು ಏರಿ, ಮಂಜುಗಡ್ಡೆಯನ್ನು ತಣ್ಣಗಿಡುವ ಕಂಪ್ರೆಸರ್‌ಗಳು ಬಿಡುವಿಲ್ಲದೆ ಓಡುತ್ತಿದ್ದ ಒಂದು ದಿನ, ಹೊರೆ ತಗ್ಗಲೆಂದು ಆ ಕೊಳವೆಗಳ ವಾಲ್ವನ್ನು ಕೈಯಾರೆ ಮುಚ್ಚಿದೆ. ಮತ್ತೆ ತೆರೆಯಲಿಲ್ಲ.

ನಮ್ಮ ನೆಲ ನೀವು ಕಟ್ಟಲಿರುವಂಥದೇ: ತಳದಲ್ಲಿ ಮರಳಿನ ನಡುವೆ ಬೆಚ್ಚಗಿನ ಗ್ಲೈಕಾಲ್ (ಸುಲಭವಾಗಿ ಹೆಪ್ಪುಗಟ್ಟದ ದ್ರವ) ಹರಿಯುವ ಕೊಳವೆಗಳು, ಮೇಲೆ ನಿರೋಧಕ ಹಲಗೆ, ಅದರ ಮೇಲೆ 15 ಸೆಂ.ಮೀ. ಕಾಂಕ್ರೀಟ್. ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ಮೈನಸ್ 9 ಡಿಗ್ರಿಯ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪಿನ ದ್ರಾವಣ ಹರಿಯುತ್ತಿತ್ತು. ಇಷ್ಟೆಲ್ಲದರ ಮೇಲೆ ನಿಲ್ಲುವ ಮಂಜುಗಡ್ಡೆ ಸುಮಾರು 30 ಮಿ.ಮೀ. ಮಾತ್ರ.

ನಿರೋಧಕವು ಶಾಖದ ಹರಿವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಿಂಗಳುಗಟ್ಟಲೆ ಮೇಲಿನಿಂದ ತಣಿಯುತ್ತಲೇ ಇರುವ ಮಣ್ಣು ಒಂದಲ್ಲ ಒಂದು ದಿನ ಸೊನ್ನೆ ಡಿಗ್ರಿಗೆ ಇಳಿಯುತ್ತದೆ. ಮಣ್ಣಿನಲ್ಲಿದ್ದ ನೀರಷ್ಟೇ ಹೆಪ್ಪುಗಟ್ಟಿದ್ದರೆ ಹಿಗ್ಗುವಿಕೆ ಅಲ್ಪ. ಆದರೆ ಹೆಪ್ಪುಗಟ್ಟುವ ಅಂಚು, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ, ಕೆಳಗಿನ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಆ ನೀರು ಪದರ ಪದರವಾಗಿ ಮಂಜಾಗಿ ಬೆಳೆದು, ಮೇಲಿನ ಕಾಂಕ್ರೀಟನ್ನು ಎತ್ತುತ್ತದೆ. ರಿಂಕ್‌ನ ಅಂಚುಗಳಿಗೆ ಹೊರಗಿನ ನೆಲದ ಶಾಖ ಸಿಗುವುದರಿಂದ ಉಬ್ಬುವುದು ಹೆಚ್ಚಾಗಿ ನಡುಭಾಗವೇ.

ಮೊದಲ ವರ್ಷ ಏನೂ ಕಾಣಲಿಲ್ಲ. ಎರಡನೆಯ ವರ್ಷ, ವಾರಕ್ಕೊಮ್ಮೆ ಡ್ರಿಲ್‌ನಿಂದ ಮಂಜಿನ ದಪ್ಪ ಅಳೆಯುವಾಗ ನಡುವೆ 15 ಮಿ.ಮೀ., ಅಂಚಿನಲ್ಲಿ 50 ಮಿ.ಮೀ. ಬರತೊಡಗಿತು. ನೀರು ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುವುದರಿಂದ ಮಂಜಿನ ಮೇಲ್ಮೈ ಸಮತಟ್ಟಾಗಿಯೇ ಇತ್ತು, ಕೆಳಗಿನ ಉಬ್ಬು ಕಣ್ಣಿಗೆ ಬೀಳಲಿಲ್ಲ. ಮಂಜು ಹೆರೆದು ಬಿಸಿನೀರು ಹರಡುವ ಜಾಂಬೋನಿ ಯಂತ್ರದ ಬ್ಲೇಡು ನಡುವೆ ಆಳವಾಗಿ ಇಳಿಯುತ್ತಿದೆಯೆಂದು ತೀರ್ಮಾನಿಸಿ, ಅದನ್ನು ಓಡಿಸುತ್ತಿದ್ದ ಹಿರಿಯರನ್ನು ಎಲ್ಲರೆದುರು ಗದರಿದೆ. “ಬ್ಲೇಡು ಸರಿಯಾಗಿದೆ ಸರ್, ನೆಲ ಒಮ್ಮೆ ನೋಡಿ” ಎಂದರು ಅವರು. ನಾನು ನೋಡಲಿಲ್ಲ. ಅಂಚಿನ ದಪ್ಪ ಮಂಜು ಮೇಲ್ಭಾಗದಲ್ಲಿ ಮೆತ್ತಗಾಗುತ್ತಿದೆ ಎಂಬ ದೂರು ಬಂದಾಗ ದ್ರಾವಣವನ್ನು ಮೈನಸ್ 11ಕ್ಕೆ ಇಳಿಸಿದೆ. ಅದರಿಂದ ನೆಲದಡಿಯ ಹೆಪ್ಪು ಇನ್ನಷ್ಟು ಆಳಕ್ಕೆ ಹೋಯಿತು.

ಗೆರೆಗಳಿಗೆ ಹೊಸದಾಗಿ ಬಣ್ಣ ಬಳಿಯಲು ಮಂಜು ತೆಗೆದಾಗ, ಎರಡೂ ಬದಿಯ ತಡೆಗೋಡೆಗಳ ಬುಡದಲ್ಲಿ ನೆಲದಿಂದ ಎಂಟು ಸೆಂ.ಮೀ. ಎತ್ತರಕ್ಕೆ ದಾರ ಬಿಗಿದೆವು. ನಡುವೆ ದಾರಕ್ಕೂ ಕಾಂಕ್ರೀಟಿಗೂ ಉಳಿದಿದ್ದ ಅಂತರ ನಾಲ್ಕು ಸೆಂ.ಮೀ. ಅಲ್ಲಿಯೇ ನಾಣ್ಯ ತೂರುವಷ್ಟು ಅಗಲದ ಬಿರುಕೊಂದಿತ್ತು. ಮಣ್ಣನ್ನು ಕರಗಿಸಲು ತಿಂಗಳುಗಳು ಹಿಡಿದವು. ಕರಗಿದ ಮಣ್ಣು ಕೆಸರಾಗಿ ಕಾಂಕ್ರೀಟ್ ಅಡ್ಡಾದಿಡ್ಡಿ ಕುಸಿಯಿತು, ಕೊಳವೆಗಳು ಒಡೆದವು. ಕೊನೆಗೆ ಇಡೀ ನೆಲವನ್ನು ಅಗೆದು ಹೊಸದಾಗಿ ಕಟ್ಟಿದೆವು. ಆ ಹಿರಿಯರ ಕ್ಷಮೆಯನ್ನು ಎಲ್ಲರೆದುರೇ ಕೇಳಿದೆ.

ಆದ್ದರಿಂದ ನಿರೋಧಕ ಎಷ್ಟು ದಪ್ಪವಿದ್ದರೆ ಸಾಕು ಎಂಬ ನಿಮ್ಮ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ. ದಪ್ಪ ಹೆಚ್ಚಿದಷ್ಟೂ ಉಬ್ಬುವುದು ತಡವಾದೀತು, ಅಷ್ಟೇ. ಪ್ರತಿ ವರ್ಷ ಕೆಲವು ತಿಂಗಳು ಮುಚ್ಚಿ ನೆಲ ಪೂರ್ತಿ ಕರಗಲು ಬಿಡುವ ರಿಂಕ್‌ಗಳ ಮಾತು ಬೇರೆ, ನಿಮ್ಮದು ಅಂಥದಲ್ಲ. ಬಿಸಿಗೆ ತಗಲುವ ಖರ್ಚಿನ ಭಯವೂ ಬೇಡ: ಕಂಪ್ರೆಸರ್‌ಗಳು ಹೇಗೂ ಹೊರಗೆ ಚೆಲ್ಲುವ ಶಾಖದಲ್ಲೇ ಗ್ಲೈಕಾಲ್ ಬೆಚ್ಚಗಾಗುತ್ತದೆ, ನೀವು ಕೊಡಬೇಕಾದದ್ದು ಒಂದು ಸಣ್ಣ ಪಂಪಿನ ವಿದ್ಯುತ್ತು. ಉಳಿತಾಯ ಮಾಡಲೇಬೇಕಿದ್ದರೆ ಆಸನಗಳಲ್ಲಿ ಮಾಡಿ.

ಕಾಂಕ್ರೀಟ್ ಸುರಿಯುವ ಮುನ್ನ ಮಣ್ಣಿನಲ್ಲಿ, ನಡುಭಾಗದಲ್ಲಿ ಕಡ್ಡಾಯವಾಗಿ, ತಾಪಮಾನದ ಸೆನ್ಸರ್‌ಗಳನ್ನು ಹೂಳಿಸಿ, ದಿನವೂ ಅಂಕಿಯನ್ನು ಪುಸ್ತಕದಲ್ಲಿ ಬರೆಸಿ. ನಾಲ್ಕು ಡಿಗ್ರಿಯ ಸುತ್ತ ನಿಲ್ಲುತ್ತಿದ್ದ ಅಂಕಿ ಎರಡಕ್ಕೆ ಇಳಿದ ದಿನ, ಬೇರೆಲ್ಲ ಕೆಲಸ ಬಿಟ್ಟು ಮೊದಲು ಪಂಪಿನ ಕೋಣೆಗೆ ಹೋಗಿ.