ರೊಕ್ಕ ಕೊಡಾಕ ರೊಕ್ಕ ಕೇಳೋರು

ಸಲಹೆ ಕೇಳಲು ಬಂದವರ ಎದುರು ನೀವು ನಕ್ಕಿದ್ದು ಸರಿಯೇ ಎಂದು ಜೊತೆಯ ಆಪ್ತಸಲಹೆಗಾರರೊಬ್ಬರು ನನ್ನನ್ನು ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಸಲಹೆಗೆ ಬಂದವರು ರಾಯಚೂರು ಜಿಲ್ಲೆಯ ಸಿಂಧನೂರು ಕಡೆಯ ನಿವೃತ್ತ ಶಿಕ್ಷಕರು. ಮಾಸ್ತರು ಎನ್ನೋಣ. ವಿದೇಶದ ವಿಧವೆ, ಕ್ಯಾನ್ಸರ್, ದಾನಕ್ಕೆ ಇಟ್ಟ ಕೋಟಿಗಟ್ಟಲೆ ಹಣ, ಬಿಡಿಸಿಕೊಳ್ಳಲು ಶುಲ್ಕ. ಅದೇ ಹಳೇ ಮೋಸದ ಇಮೇಲ್ ಕಥೆ. ಮೂರು ಕಂತಿನಲ್ಲಿ 1,85,000 ರೂಪಾಯಿ ಹೋಯಿತು. ಬರಲಿರುವ ಆ ಕೋಟಿಯಲ್ಲಿ ಊರಿಗೊಂದು ಗ್ರಂಥಾಲಯ ಕಟ್ಟಿಸುವ ಆಸೆ ಇತ್ತಂತೆ. ಎಂಟು ತಿಂಗಳು ಹೆಂಡತಿಗೂ ಹೇಳಲಿಲ್ಲ. ಬೆಳಿಗ್ಗೆ ಒಗ್ಗರಣೆ, ಮಿರ್ಚಿ ತಿನ್ನಲು ಹೋಟೆಲಿಗೆ ಹೋಗುವುದನ್ನೂ ಬಿಟ್ಟರು. ಅಲ್ಲಿ ಯಾರಾದರೂ ನಕ್ಕಾರು ಎಂಬ ಭಯ. ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಎಂದು ಮಗಳು ಕರೆತಂದಳು.

ಮೂರನೇ ಭೇಟಿಗೆ ಬಂದಾಗ ಮುಖ ಅರಳಿತ್ತು. ಹೊಸ ಇಮೇಲ್ ಬಂದಿತ್ತು. ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ, ರಿಸರ್ವ್ ಬ್ಯಾಂಕ್ ಮಂಜೂರು ಮಾಡಿದೆ, 14,500 ರೂಪಾಯಿ ಕಟ್ಟಿ, ವಿಷಯ ಗುಟ್ಟಾಗಿರಲಿ. ರಿಸರ್ವ್ ಬ್ಯಾಂಕ್ ಹೀಗೆ ಜನರ ಹೆಸರಲ್ಲಿ ಹಂಚಲು ಹಣ ಇಟ್ಟುಕೊಂಡು ಕೂತಿರುವುದಿಲ್ಲ. ಒಮ್ಮೆ ಮೋಸ ಹೋದವರ ವಿಳಾಸ ಕಳ್ಳರ ನಡುವೆ ಮಾರಾಟವಾಗುತ್ತದೆ, ಎರಡನೇ ಬಲೆ ಬರುವುದು ಹೀಗೆ. ಆದರೆ ಇದನ್ನೆಲ್ಲ ಹೇಳಿದ್ದರೆ ಮಾಸ್ತರು ನನ್ನ ಜೊತೆ ವಾದಕ್ಕೆ ಕೂರುತ್ತಿದ್ದರು.

"ಮಾಸ್ತರೇ, ಇದನ್ನ ಕನ್ನಡದಾಗ ಓದ್ರಿ" ಎಂದೆ.

ತರಗತಿಯ ದನಿಯಲ್ಲಿ ಶುರು ಮಾಡಿದರು. "ಮಾನ್ಯ ಫಲಾನುಭವಿಗಳೇ..."

"ಹಂಗಲ್ರಿ. ಹೋಟೆಲ್‌ನಾಗ ನಿಮ್ಮ ಪಕ್ಕ ಕುಂತವ ಹೇಳ್ದಂಗ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದನಿ ಬದಲಾಯಿತು. "ಮಾಸ್ತರ, ಆರಾಮಿದ್ದೀರೇನ್ರಿ? ನಿಮ್ದು ಹೋದ ರೊಕ್ಕ ನನ್ನ ಹತ್ರ ಐತ್ರಿ. ಅದು ಬೇಕಂದ್ರ ನನಗ ಹದಿನಾಲ್ಕೂವರೆ ಸಾವಿರ ಕೊಡ್ರಿ. ಮನ್ಯಾಗ ಮಾತ್ರ ಹೇಳಬ್ಯಾಡ್ರಿ..." ಅಲ್ಲಿಗೆ ನಿಂತರು. ಕನ್ನಡಕ ತೆಗೆದರು. "ಅಲ್ರೀ ಮೇಡಮ್, ನನ್ನ ರೊಕ್ಕ ಅವನ ಹತ್ರನ ಇದ್ರ, ಅದ್ರಾಗ ಮುರ್ಕೊಂಡು ಉಳಿದದ್ದು ಕೊಡಬೇಕಲ್ರೀ?"

ಇಬ್ಬರೂ ನಕ್ಕೆವು. ಜೋರಾಗಿಯೇ. ನಗುತ್ತಲೇ ಮಾಸ್ತರು ಅತ್ತರು. ಎಂಟು ತಿಂಗಳಲ್ಲಿ ಅವರು ಅತ್ತಿದ್ದು ಅದೇ ಮೊದಲು.

ಜೀವನವಿಡೀ ಪಾಠ ಹೇಳಿದವರು ಅವರು. ಇಂಗ್ಲಿಷ್ ಪತ್ರ, ಮೇಲೊಂದು ಮೊಹರು ಕಂಡರೆ ಎದ್ದು ನಿಲ್ಲುವ ಮನಸ್ಸು. ನಮ್ಮಲ್ಲಿ ತುಂಬ ಜನರದ್ದು ಹಾಗೇ ಅಲ್ವಾ? ಮನೆ ಮಾತಿಗೆ ತಂದ ಕೂಡಲೇ ಮೊಹರು ಉದುರುತ್ತದೆ, ಕೇಳುವ ಕೈಯಷ್ಟೇ ಉಳಿಯುತ್ತದೆ. ಮೈಕ್ರೋಸಾಫ್ಟ್‌ನ ಸಂಶೋಧಕ ಕಾರ್ಮಾಕ್ ಹರ್ಲಿ 2012ರಲ್ಲಿ ಒಂದು ಮಾತು ತೋರಿಸಿದರು: ಇಂಥ ಪತ್ರಗಳು ಪೆದ್ದುಪೆದ್ದಾಗಿ ಇದ್ದರೆ ಕಳ್ಳರಿಗೇ ಲಾಭ. ಅದೊಂದು ಜರಡಿ. ನಗುವವರು ಮೊದಲೇ ಉದುರಿಹೋಗುತ್ತಾರೆ, ನಂಬುವವರು ಮಾತ್ರ ಉಳಿಯುತ್ತಾರೆ. ಹಾಗಾಗಿ ನಗು ಇಲ್ಲಿ ಸುಮ್ನೆ ಹಗುರ ವಿಷಯವಲ್ಲ. ಆದರೆ ನಗಬೇಕಾದ್ದು ಪತ್ರವನ್ನು ನೋಡಿ. ಮೋಸ ಹೋದವರನ್ನು ನೋಡಿ ನಕ್ಕರೆ ಅವರು ಬಾಯಿ ಬಿಡುವುದಿಲ್ಲ, ಕಳ್ಳನಿಗೂ ಬೇಕಾದದ್ದು ಅದೇ. ನನ್ನ ಜೊತೆಯವರಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ.

ಕಾಗುಣಿತ ತಪ್ಪಿದ್ದರೆ ಮಾತ್ರ ನಗುತ್ತೇನೆ ಎಂದುಕೊಂಡರೆ ಕೆಟ್ಟಿರಿ. ಈಗ ತಪ್ಪೇ ಇಲ್ಲದ, ಚಂದದ ಕನ್ನಡದಲ್ಲೂ ಬರುತ್ತವೆ. ನಗಬೇಕಾದ್ದು ಬೇಡಿಕೆಗೆ. ಮಾಸ್ತರ ಅಳಿಯ ಮಾತ್ರ ಕಳ್ಳನಿಗೇ ಉತ್ತರ ಬರೆದು ಆಟ ಆಡಿಸುವ ಉತ್ಸಾಹದಲ್ಲಿದ್ದ. ಬೇಡ ಎಂದೆ. ಉತ್ತರ ಹೋದರೆ ಈ ವಿಳಾಸದಲ್ಲಿ ಜನ ಇದ್ದಾರೆ ಎಂದು ಗೊತ್ತಾಗುತ್ತದೆ, ಇನ್ನೂ ಜಾಸ್ತಿ ಬರುತ್ತವೆ. ಮನೆಯಲ್ಲಿ ಓದಿ ನಕ್ಕು ಡಿಲೀಟ್ ಮಾಡಿದರೆ ಸಾಕು.

ದೂರು ಕೊಡಿ ಎಂದೂ ಹೇಳಿದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿದ್ದರೆ ಹಣ ತಡೆಹಿಡಿಯುವ ಅವಕಾಶ ಇರುತ್ತಿತ್ತು. ಎಂಟು ತಿಂಗಳ ಮೇಲೆ ಆಸೆ ಕಡಿಮೆ. ಆದರೂ ಕೊಟ್ಟರು. ಹಣ ಬಂದಿಲ್ಲ.

ಮನೆಯಲ್ಲಿ ಹೇಳಿದ ದಿನ ಹೆಂಡತಿ ಅಂದದ್ದು ಒಂದೇ ಮಾತು: "ನಾನು ಎರಡು ತೊಲಿ ಕೇಳಿದ್ರ ರೊಕ್ಕಿಲ್ಲ ಅಂದಿದ್ರಿ." ಎರಡು ದಿನ ಮಾತಿಲ್ಲ. ಮೂರನೇ ದಿನ, ಇನ್ನೊಂದು ಪತ್ರ ಬಂದೈತೇನು, ಓದ್ರಿ ಕೇಳೋಣ ಎಂದರಂತೆ.

ಮಾಸ್ತರು ಈಗ ಮತ್ತೆ ಹೋಟೆಲಿಗೆ ಹೋಗುತ್ತಾರೆ. ಬಂದ ಇಮೇಲ್‌ಗಳನ್ನು ಅಲ್ಲಿ ಓದಿ ಎಲ್ಲರನ್ನೂ ನಗಿಸುತ್ತಾರೆ. ತಮ್ಮ ಕಥೆ ಹೇಳಿದಿರಾ ಎಂದು ಕೇಳಿದೆ.

"ಅದನ್ನ ಇನ್ನೂ ಹೇಳಿಲ್ರಿ" ಎಂದರು. ನಾನೂ ಒತ್ತಾಯ ಮಾಡಲಿಲ್ಲ.