ಜಾರ್ಜ್ ಊರಿಗೇನು ಮಾಡಿದರು? (ಸಂಪಾದಕರ ಉತ್ತರ)

ಕಟಪಾಡಿಯ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮುಂಬಯಿಯಲ್ಲಿ ಬಹುಕಾಲ ದುಡಿದು ಊರು ಸೇರಿದವರು. ಕಾರ್ಮಿಕ ನಾಯಕರೂ ಕೇಂದ್ರ ಮಂತ್ರಿಯೂ ಆಗಿದ್ದ ಜಾರ್ಜ್ ಫರ್ನಾಂಡಿಸ್ ಬಗ್ಗೆ ಜೂನ್ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ಅವರಿಗೆ ಸರಿಕಂಡಿಲ್ಲ. ಅವರ ತಕರಾರು ಚುಟುಕಾಗಿ ಹೀಗಿದೆ: ಮಂಗಳೂರಿನ ಬಿಜೈಯಲ್ಲಿ ಹುಟ್ಟಿದರು ಎಂಬ ಒಂದೇ ಕಾರಣಕ್ಕೆ ನಮ್ಮವರೆಂದು ಎದೆ ತಟ್ಟಿಕೊಳ್ಳುವುದೇಕೆ? ನಮ್ಮ ಹಿಂದಿನ ಸಂಸದ ಶ್ರೀನಿವಾಸ ಮಲ್ಯರು ಬಂದರು ತಂದರು, ಬಜ್ಪೆಗೆ ವಿಮಾನ ನಿಲ್ದಾಣ ತಂದರು, ಸುರತ್ಕಲ್ಲಿಗೆ ಇಂಜಿನಿಯರಿಂಗ್ ಕಾಲೇಜು ತಂದರು. ಜಾರ್ಜ್ ತಂದದ್ದೇನು? ಕೊಂಕಣ ರೈಲು ಕಟ್ಟಿದ್ದು ಇಂಜಿನಿಯರ್ ಶ್ರೀಧರನ್, ಹೆಸರು ಮಾತ್ರ ಜಾರ್ಜ್‌ಗೆ. ಡೈನಮೈಟ್ ಪ್ರಕರಣ, ಕೊನೆಗಾಲದ ರಾಜಕೀಯ ಎರಡನ್ನೂ ಲೇಖನ ಮೆಲ್ಲಗೆ ಜಾರಿಸಿಬಿಟ್ಟಿದೆ. ಕಡೆಗೊಂದು ಪ್ರಶ್ನೆ: ಕೊಂಕಣ ರೈಲ್ವೆಯನ್ನು ಭಾರತೀಯ ರೈಲ್ವೆಯೊಳಗೆ ವಿಲೀನ ಮಾಡಬೇಕೆಂಬ ಕೂಗಿನ ಬಗ್ಗೆ ಪತ್ರಿಕೆಯ ನಿಲುವೇನು?

ಮುಲಾಜಿಲ್ಲದ ಪತ್ರ. ಇಂಥವು ಬರುತ್ತಿದ್ದರೆ ಪತ್ರಿಕೆ ನಡೆಸುವುದಕ್ಕೂ ಒಂದು ಹುರುಪು. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸದೆ ಇಲ್ಲಿ ಉದ್ದಕ್ಕೇ ಉತ್ತರಿಸುತ್ತೇನೆ.

ಮಲ್ಯರ ವಿಷಯದಲ್ಲಿ ನಿಮ್ಮೊಂದಿಗೆ ನನ್ನ ಜಗಳವಿಲ್ಲ ಸ್ವಾಮಿ. ಮಂತ್ರಿಯೂ ಆಗದೆ ಆ ಮನುಷ್ಯ ಈ ಜಿಲ್ಲೆಗೆ ಮಾಡಿದಷ್ಟು ಕೆಲಸವನ್ನು ಆಮೇಲೆ ಬಂದ ಮಂತ್ರಿಗಳೆಲ್ಲ ಒಟ್ಟು ಸೇರಿ ಮಾಡಿದ್ದಾರೆಯೇ ಎಂಬುದು ಕೇಳಬೇಕಾದ ಪ್ರಶ್ನೆಯೇ. ಆದರೆ ಮಲ್ಯರು ನಮ್ಮ ಓಟಿನಿಂದ ದಿಲ್ಲಿಗೆ ಹೋದವರು. ಜಾರ್ಜ್ ಗೆದ್ದದ್ದು 1967ರಲ್ಲಿ ದಕ್ಷಿಣ ಬೊಂಬಾಯಿಯಿಂದ, ಆಮೇಲೆ ಬಿಹಾರದ ಮುಜಫ್ಫರಪುರ ಮತ್ತು ನಾಲಂದಾದಿಂದ. ಕರ್ನಾಟಕ ಅವರ ಕೈಹಿಡಿಯಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತಾಗ ಜಾಫರ್ ಷರೀಫರ ಎದುರು ಸೋತರು. ಕ್ಷೇತ್ರಕ್ಕೆ ತರುವುದನ್ನೇ ಲೆಕ್ಕ ಹಿಡಿದರೆ, ಮುಜಫ್ಫರಪುರದವರನ್ನು ಕೇಳಿ: ಕಾಂಟಿಯ ಉಷ್ಣ ವಿದ್ಯುತ್ ಸ್ಥಾವರವನ್ನು ತೋರಿಸುತ್ತಾರೆ. ನಾವು ಓಟು ಕೊಡದವನಿಂದ ಪಟ್ಟಿ ಕೇಳುವುದು ಅಷ್ಟೇನೂ ನ್ಯಾಯವಲ್ಲ. ಓಟು ಕೊಡದಿದ್ದರೂ ಒಂದು ಸಿಕ್ಕಿತು, ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು, ಇಲ್ಲಿಂದ ಹೊರಟ ಹುಡುಗ ಏನಾಗಿದ್ದ ಎಂಬುದನ್ನು ಹೇಳಬೇಕು. 1930ರ ಜೂನ್ 3ರಂದು ಹುಟ್ಟಿದವರು. ಆವತ್ತೇ ಐದನೇ ಜಾರ್ಜ್ ದೊರೆಯ ಹುಟ್ಟುಹಬ್ಬವೂ ಆದ್ದರಿಂದ ತಾಯಿ ಆ ಹೆಸರಿಟ್ಟರಂತೆ. ಬ್ರಿಟಿಷ್ ದೊರೆಯ ಹೆಸರು ಹೊತ್ತ ಸಮಾಜವಾದಿ! ಹದಿನಾರಕ್ಕೆ ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಹಿರಿಯ ಗುರುಗಳಿಗೆ ಎತ್ತರದ ಮೇಜು, ಚೆನ್ನಾದ ಊಟ. ಕಲಿಯುವ ಹುಡುಗರಿಗೆ ಬೇರೆಯೇ. ಬೋಧನೆಗೂ ಊಟದ ಮನೆಗೂ ತಾಳೆಯಾಗದ್ದನ್ನು ಕಂಡು ಬಿಟ್ಟುಬಂದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಮಂಗಳೂರಿಗೆ ಮರಳಿ ಇಲ್ಲಿನ ಸಾರಿಗೆ ಕಾರ್ಮಿಕರನ್ನು, ಹೋಟೆಲು ಕೆಲಸದವರನ್ನು ಒಟ್ಟುಗೂಡಿಸಲು ಹೊರಟರು. 1949ರಲ್ಲಿ ‘ಕೊಂಕಣಿ ಯುವಕ್’ ಎಂಬ ಕೊಂಕಣಿ ಮಾಸಿಕಕ್ಕೂ ‘ರೈತವಾಣಿ’ ಎಂಬ ಕನ್ನಡ ವಾರಪತ್ರಿಕೆಗೂ ಸಂಪಾದಕರಾಗಿದ್ದರು. ಹತ್ತೊಂಬತ್ತರ ಹುಡುಗನಿಗೆ ಎರಡು ಭಾಷೆಯಲ್ಲಿ ಎರಡು ಪತ್ರಿಕೆ! ಒಂದೇ ಪತ್ರಿಕೆಯನ್ನು ಸಮಯಕ್ಕೆ ಅಚ್ಚಿಗೆ ಕಳಿಸಲು ಏದುಸಿರು ಬಿಡುವ ನನ್ನಂಥವನು ಇದನ್ನು ಸುಮ್ಮನೆ ದಾಟಿ ಹೋಗಲಾರೆ.

ಅದೇ ವರ್ಷ ಬೊಂಬಾಯಿ. ಕೆಲಸವಿಲ್ಲ, ಚೌಪಾಟಿಯ ಬೆಂಚೇ ಹಾಸಿಗೆ. ನಡುರಾತ್ರಿ ಪೊಲೀಸರು ಬಂದು ಎಬ್ಬಿಸುವುದು. ಕೊನೆಗೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಮುಂಬಯಿಯಲ್ಲಿ ನೀವು ಪಿ. ಡಿಮೆಲ್ಲೊ ರಸ್ತೆಯಲ್ಲಿ ಅದೆಷ್ಟು ಸಲ ಓಡಾಡಿದ್ದೀರೋ. ಆ ಬಂದರು ಕಾರ್ಮಿಕ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಗರಡಿಯಲ್ಲೇ ಜಾರ್ಜ್ ಪಳಗಿದ್ದು. ಆಮೇಲೆ ಹೋಟೆಲು ಕಾರ್ಮಿಕರು, ನಗರಪಾಲಿಕೆಯ ಕೆಲಸಗಾರರು, ಟ್ಯಾಕ್ಸಿ ಓಡಿಸುವವರು ಎಲ್ಲರೂ ಜೊತೆಯಾದರು. ಕಪ್ಪು-ಹಳದಿ ಟ್ಯಾಕ್ಸಿಯವರ ಯೂನಿಯನ್ ‘ಬಂದ್’ ಅಂದರೆ ಬೊಂಬಾಯಿ ನಿಲ್ಲುತ್ತಿತ್ತು. ದುಡಿಯುವವರಿಗೆ ಸಾಲ ಸಿಗಲೆಂದು 1968ರಲ್ಲಿ ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕನ್ನೂ ಕಟ್ಟಿದರು. ಬ್ಯಾಂಕು ಹುಟ್ಟಿಸುವ ಚಾಳಿ ನಮ್ಮ ಜಿಲ್ಲೆಯ ನೀರಿನಲ್ಲೇ ಇರಬೇಕು.

ಊರಿಗೇನು ಮಾಡಿದರು ಎಂದು ಕೇಳುವಾಗ ‘ಊರು’ ಮಂಗಳೂರು ತಾಲೂಕಿನ ಗಡಿಗೆ ಮುಗಿಯುತ್ತದೆಯೇ? ಆ ಕಾಲಕ್ಕೆ ನಮ್ಮೂರಿನ ಅರ್ಧ ಹರೆಯ ಇದ್ದದ್ದೇ ಬೊಂಬಾಯಿಯ ಹೋಟೆಲುಗಳಲ್ಲಿ. ಹಗಲು ಟೇಬಲ್ಲು ಒರೆಸಿ, ರಾತ್ರಿ ಕನ್ನಡದ ರಾತ್ರಿಶಾಲೆಗೆ ಹೋಗಿ, ಆಮೇಲೆ ಅದೇ ಹೋಟೆಲಿನಲ್ಲಿ ಮಲಗುತ್ತಿದ್ದ ಹುಡುಗರು. ಅಂಥವರಿಗೂ ಹೊತ್ತುಗೊತ್ತು, ರಜೆ, ಸಂಬಳದ ಲೆಕ್ಕ ಬೇಕು ಎಂದು ಕೇಳಿದವರಲ್ಲಿ ಇವರೊಬ್ಬರು. ಆ ಹೋಟೆಲುಗಳ ಧಣಿಗಳಲ್ಲೂ ಅನೇಕರು ನಮ್ಮ ಕಡೆಯವರೇ. ಊರಲ್ಲಿ ಜಾರ್ಜ್ ಬಗ್ಗೆ ಒಮ್ಮತವಿಲ್ಲದ್ದಕ್ಕೆ ಇದೂ ಒಂದು ಕಾರಣವಿರಬಹುದು ಎಂಬುದು ನನ್ನ ಗುಮಾನಿ.

1967ರ ಚುನಾವಣೆಯನ್ನು ಲೇಖನದಲ್ಲಿ ವಿವರವಾಗಿಯೇ ಹಾಕಿದ್ದೆವು. ಬೊಂಬಾಯಿಯ ಮಕುಟವಿಲ್ಲದ ದೊರೆ ಅನ್ನಿಸಿಕೊಂಡಿದ್ದ ಎಸ್. ಕೆ. ಪಾಟೀಲರು ಸೋತರು. ಪಾಟೀಲರು ಆಗ ರೈಲ್ವೆ ಮಂತ್ರಿ. ಏಳು ವರ್ಷದ ಮೇಲೆ ಅದೇ ಜಾರ್ಜ್ ರೈಲ್ವೆ ಕಾರ್ಮಿಕರ ಒಕ್ಕೂಟದ ಅಧ್ಯಕ್ಷರಾಗಿ 1974ರ ಮೇ 8ರಿಂದ ದೇಶದ ರೈಲುಗಳನ್ನು ನಿಲ್ಲಿಸಿದರು. ಮುಷ್ಕರ ಮೇ 27ಕ್ಕೆ ಮುರಿದುಬಿತ್ತು, ಸಾವಿರಾರು ಜನ ಜೈಲು ಕಂಡರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಹದಿನೈದು ವರ್ಷ ಕಳೆದು 1989ರ ಡಿಸೆಂಬರಿನಲ್ಲಿ ಆ ರೈಲ್ವೆಗೆ ಜಾರ್ಜೇ ಮಂತ್ರಿ.

ಈಗ ಕೊಂಕಣ ರೈಲು. ಪಶ್ಚಿಮ ಕರಾವಳಿಗೆ ರೈಲು ಬೇಕೆಂಬ ಮಾತು ಬಹಳ ಹಳೆಯದು. ಸಮೀಕ್ಷೆಗಳಾಗಿದ್ದವು, ಕಡತಗಳಿದ್ದವು, ದುಡ್ಡು ಮಾತ್ರ ಇರಲಿಲ್ಲ. ರೈಲ್ವೆ ಬಜೆಟ್ಟಿನಲ್ಲಿ ವರ್ಷಕ್ಕಿಷ್ಟು ಎಂದು ಚಿಲ್ಲರೆ ಬಿಡುಗಡೆ ಮಾಡುತ್ತಾ ಹೋಗಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಆಗ ದಿಲ್ಲಿಯಲ್ಲಿ ಮೂರು ಜನ ಒಂದೇ ಹೊತ್ತಿಗೆ ಸರಿಯಾದ ಕುರ್ಚಿಗಳಲ್ಲಿ ಕೂತಿದ್ದರು. ರೈಲ್ವೆಗೆ ಬಿಜೈಯ ಜಾರ್ಜ್, ಹಣಕಾಸಿಗೆ ಕೊಂಕಣದ ರಾಜಾಪುರದಿಂದ ಗೆದ್ದ ಮಧು ದಂಡವತೆ, ಯೋಜನಾ ಆಯೋಗದ ಉಪಾಧ್ಯಕ್ಷರಾಗಿ ನಮ್ಮ ಉತ್ತರ ಕನ್ನಡದ ರಾಮಕೃಷ್ಣ ಹೆಗಡೆ. ಮೂವರಿಗೂ ಕರಾವಳಿಯ ನಂಟು. ವಿ. ಪಿ. ಸಿಂಗ್ ಅವರ ಆ ಸರಕಾರ ಬಾಳಿದ್ದು ಹನ್ನೊಂದು ತಿಂಗಳು.

ಅವರು ಹೂಡಿದ ಉಪಾಯ ಇದು. ರೈಲ್ವೆಯ ಹೊರಗೆ ಒಂದು ಪ್ರತ್ಯೇಕ ನಿಗಮ ಮಾಡುವುದು. ಬಂಡವಾಳದಲ್ಲಿ ಕೇಂದ್ರದ್ದು ಶೇ. 51, ಮಹಾರಾಷ್ಟ್ರ ಶೇ. 22, ಕರ್ನಾಟಕ ಶೇ. 15, ಗೋವಾ ಮತ್ತು ಕೇರಳ ತಲಾ ಶೇ. 6. ಉಳಿದದ್ದಕ್ಕೆ ತೆರಿಗೆ ಇಲ್ಲದ ಬಾಂಡುಗಳನ್ನು ಮಾರಿ ಪೇಟೆಯಿಂದಲೇ ಸಾಲ ಎತ್ತುವುದು. 1990ರ ಜುಲೈ 19ರಂದು ನಿಗಮ ನೋಂದಣಿಯಾಯಿತು, ಸೆಪ್ಟೆಂಬರಿನಲ್ಲಿ ರೋಹಾದಲ್ಲಿ ಶಂಕುಸ್ಥಾಪನೆ, ನವೆಂಬರಿನಲ್ಲಿ ಸರಕಾರವೇ ಬಿತ್ತು. ಆದರೆ ಅಷ್ಟರಲ್ಲಿ ನಿಗಮ ಹುಟ್ಟಿಯಾಗಿತ್ತು. ಮುಂದಿನ ಸರಕಾರಕ್ಕೆ ಅದನ್ನು ಅಷ್ಟು ಸುಲಭಕ್ಕೆ ಮೂಲೆಗೆ ತಳ್ಳಲು ಬರುವಂತಿರಲಿಲ್ಲ. 1991ರಿಂದ ರೈಲ್ವೆ ಮಂತ್ರಿಯಾದವರು ಯಾರು ಗೊತ್ತೇ? ಬೆಂಗಳೂರಿನಲ್ಲಿ ಜಾರ್ಜ್‌ರನ್ನು ಸೋಲಿಸಿದ್ದ ಅದೇ ಜಾಫರ್ ಷರೀಫ್. ಕೆಲಸ ನಡೆಯುತ್ತಲೇ ಹೋಯಿತು.

ಶ್ರೀಧರನ್ ಅವರ ಪಾಲನ್ನು ಯಾರೂ ಕಸಿಯಲಾರರು. ತೊಂಬತ್ತಕ್ಕೂ ಮಿಕ್ಕಿ ಸುರಂಗ, ಹತ್ತಿರಹತ್ತಿರ ಎರಡು ಸಾವಿರ ಸೇತುವೆ, ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರ್ ಉದ್ದದ್ದು. ಅಗೆದಷ್ಟೂ ಕುಸಿಯುವ ಗೋವಾದ ಮೆತ್ತಗಿನ ಮಣ್ಣು ಬೇರೆ. ಸುಮಾರು 740 ಕಿ.ಮೀ. ದಾರಿಯನ್ನು ಏಳೆಂಟು ವರ್ಷದಲ್ಲಿ ಮುಗಿಸಿ 1998ರ ಜನವರಿ 26ಕ್ಕೆ ಪೂರ್ತಿ ತೆರೆದುಕೊಟ್ಟದ್ದು ಇಂಜಿನಿಯರ ಕೆಲಸ, ಮಂತ್ರಿಯದ್ದಲ್ಲ. ಆದರೆ ನಿವೃತ್ತಿಗೆ ಬಂದಿದ್ದ ಆ ಇಂಜಿನಿಯರನ್ನು ಹುಡುಕಿ ನಿಗಮದ ಮುಖ್ಯಸ್ಥನನ್ನಾಗಿ ಕೂರಿಸಿ, ಕೈಗೆ ಪೂರ್ತಿ ಅಧಿಕಾರ ಕೊಟ್ಟವರು ಯಾರು? ಒಳ್ಳೆಯವನನ್ನು ಆರಿಸಿ ಆಮೇಲೆ ಅವನ ದಾರಿಗೆ ಅಡ್ಡ ಬಾರದಿರುವುದು ನಮ್ಮ ರಾಜಕಾರಣದಲ್ಲಿ ಎಷ್ಟು ಅಪರೂಪವೆಂದು ಉಡುಪಿಯಲ್ಲೋ ಮಂಗಳೂರಲ್ಲೋ ಒಂದು ಮೇಲ್ಸೇತುವೆ ಮುಗಿಯುವುದನ್ನು ಕಾದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಗೆ ಅದರ ಫಲ ಮೊದಲೇ ಬಂತು. 1993ರ ಮಾರ್ಚಿನಲ್ಲಿ ಮಂಗಳೂರು–ಉಡುಪಿ ನಡುವೆ ಪ್ರಯಾಣಿಕರ ರೈಲು ಓಡಿತು, ಇಡೀ ಮಾರ್ಗದಲ್ಲಿ ಅದೇ ಮೊದಲು. ಅಲ್ಲಿವರೆಗೆ ಉಡುಪಿಯವನಿಗೆ ರೈಲೆಂದರೆ ಮಂಗಳೂರಿಗೆ ಹೋಗಿ ನೋಡಬೇಕಾದ ವಸ್ತು. ಬೊಂಬಾಯಿಗೆ ಹೋಗಲು ರಾತ್ರಿ ಬಸ್ಸು, ಇಲ್ಲವೇ ಮಂಗಳೂರಿನಿಂದ ಕೇರಳದ ಕಡೆ ಇಳಿದು ಅರ್ಧ ದೇಶ ಸುತ್ತುವ ರೈಲು. ಇದನ್ನು ನಿಮಗಿಂತ ಚೆನ್ನಾಗಿ ನಾನು ಹೇಳಲಾರೆ. ಮತ್ಸ್ಯಗಂಧದಲ್ಲಿ ಮಧ್ಯಾಹ್ನ ಹತ್ತಿ ಬೆಳಗಾಗುವಾಗ ಕುರ್ಲಾದ ಕಡೆ ಇಳಿಯುವವರು ಅದನ್ನು ಯಾರೋ ಹಟ ಹಿಡಿದು ಕಟ್ಟಿಸಿದ್ದೆಂದು ನೆನೆಯುವುದಿಲ್ಲ. ನೆನೆಯಬೇಕೆಂದೂ ಇಲ್ಲ.

ಡೈನಮೈಟ್ ವಿಷಯ, ಅಂದರೆ ತುರ್ತುಪರಿಸ್ಥಿತಿಯ ವಿರುದ್ಧ ರೈಲು ಹಳಿ, ಸೇತುವೆಗಳನ್ನು ಸಿಡಿಸಲು ಸಂಚು ಹೂಡಿದರೆಂಬ ಆರೋಪ. ತುರ್ತುಪರಿಸ್ಥಿತಿ ಹೇರಿದಾಗ ಜಾರ್ಜ್ ಒಡಿಶಾದ ಗೋಪಾಲಪುರದಲ್ಲಿದ್ದರು. ಅಲ್ಲಿಂದಲೇ ತಪ್ಪಿಸಿಕೊಂಡು, ಗಡ್ಡ ಬಿಟ್ಟು ಸಿಖ್ಖರ ವೇಷದಲ್ಲಿ ಊರೂರು ತಿರುಗಿ 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಅಣ್ಣನ ಸುಳಿವಿಗಾಗಿ ತಮ್ಮ ಲಾರೆನ್ಸನನ್ನು ಬೆಂಗಳೂರಿನಲ್ಲಿ ಪೊಲೀಸರು ಹಿಡಿದು ಕೊಟ್ಟ ಹಿಂಸೆಯಿಂದ ಆ ಮನುಷ್ಯ ನಡೆಯಲೂ ಆಗದ ಸ್ಥಿತಿಗೆ ಬಂದರು. ಅದೇ ಪ್ರಕರಣದ ನಂಟಿನಲ್ಲಿ ಬಂಧಿತರಾದ ಕಲಾವಿದೆ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಿಂದ ಹೊರಬಂದ ಕೆಲವೇ ದಿನದಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ರೈಲು ಹಳಿ, ಸೇತುವೆ ಸ್ಫೋಟಿಸುವ ದಾರಿ ಸರಿಯೇ ಎಂದು ಕೇಳಿದರೆ, ಅಲ್ಲ ಎನ್ನುತ್ತೇನೆ. ಜೀವಹಾನಿ ಆಗಬಾರದೆಂಬ ಎಚ್ಚರ ಇತ್ತೆಂದು ಅವರ ಕಡೆಯವರು ಹೇಳುತ್ತಾರೆ. ಆದರೆ ಸಿಡಿಮದ್ದು ಯಾರ ಎಚ್ಚರವನ್ನೂ ಕೇಳುವುದಿಲ್ಲ. ಹಾಗೆಂದು ಪತ್ರಿಕೆಗಳ ಬಾಯಿ ಕಟ್ಟಿ, ಕೋರ್ಟಿನ ಬಾಗಿಲನ್ನೂ ಮುಚ್ಚಿದ್ದ ಸರಕಾರವನ್ನು ಬಿಟ್ಟು ಇವರೊಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸಲು ನಾನು ತಯಾರಿಲ್ಲ. ಮುಜಫ್ಫರಪುರದ ಮತದಾರರು ಜೈಲಿನಲ್ಲಿದ್ದವರನ್ನೇ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆಲ್ಲಿಸಿದರು. ಆಮೇಲೆ ಅವರು ಕೈಗಾರಿಕಾ ಮಂತ್ರಿಯಾಗಿದ್ದಾಗ ಕೋಕಾಕೋಲಾ ದೇಶ ಬಿಟ್ಟು ಹೋದದ್ದು, ಐಬಿಎಂ ಹೋದದ್ದು ಎಲ್ಲರಿಗೂ ಗೊತ್ತಿರುವ ಕತೆ.

ಕೊನೆಗಾಲದ ರಾಜಕೀಯದ ಬಗ್ಗೆ ನೀವು ಕಟುವಾಗಿ ಬರೆದಿದ್ದೀರಿ. ನಾನು ಇನ್ನೂ ಸ್ವಲ್ಪ ಕಟುವಾಗಿಯೇ ಬರೆಯಬಲ್ಲೆ. 1979ರ ಜುಲೈಯಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ಸರಕಾರವನ್ನು ಸಮರ್ಥಿಸಿ ಅಮೋಘವಾಗಿ ಮಾತಾಡಿ, ಕೆಲವೇ ದಿನದಲ್ಲಿ ಅದೇ ಸರಕಾರವನ್ನು ಬಿಟ್ಟು ನಡೆದರು. ಹಳೆಯ ಗೆಳೆಯರಿಗೆ ನಂಬಿಕೆ ಹೋದದ್ದು ಆವತ್ತು. ಮುಂದೆ ಬಿಜೆಪಿಯ ಜೊತೆಗಿನ ಮೈತ್ರಿಯನ್ನಾದರೂ ಕಾಂಗ್ರೆಸ್ ವಿರೋಧದ ಹೆಸರಲ್ಲಿ ಅರ್ಥ ಮಾಡಿಕೊಳ್ಳಬಹುದು. ಆದರೆ 2002ರಲ್ಲಿ ಗುಜರಾತಿನ ಹಿಂಸೆಯ ಚರ್ಚೆಯಲ್ಲಿ, ಹೆಂಗಸರ ಮೇಲಿನ ಅತ್ಯಾಚಾರ ಹೊಸದೇನಲ್ಲ ಎಂಬ ಧಾಟಿಯಲ್ಲಿ ಅವರು ಆಡಿದ ಮಾತಿಗೆ ಯಾವ ಸಮಜಾಯಿಷಿಯೂ ಇಲ್ಲ. ಆ ಸದನದಲ್ಲಿ ಅಷ್ಟು ವರ್ಷ ದಿಕ್ಕಿಲ್ಲದವರ ಪರ ಗುಡುಗಿದವರು ಅವರೇ ಎಂದು ನಂಬುವುದು ಕಷ್ಟ.

ಅದೇ ಹೊತ್ತಿನಲ್ಲಿ ಇನ್ನೊಂದನ್ನೂ ನೋಡಿ. ರಕ್ಷಣಾ ಮಂತ್ರಿಯಾಗಿ ಸಿಯಾಚಿನ್ ನೀರ್ಗಲ್ಲಿನ ಮೇಲೆ ಮತ್ತೆ ಮತ್ತೆ ಹೋಗಿ ಸೈನಿಕರ ಜೊತೆ ಕೂತು ಬಂದರು. ಅಲ್ಲಿಗೆ ಬೇಕಿದ್ದ ಹಿಮವಾಹನದ ಕಡತವನ್ನು ತಡೆಹಿಡಿದ ಅಧಿಕಾರಿಗಳನ್ನು ಅಲ್ಲಿಗೇ ಕಳಿಸಿ ಚಳಿ ತೋರಿಸಿದರೆಂದು ಇವತ್ತಿಗೂ ಹೇಳುತ್ತಾರೆ. ಕೃಷ್ಣ ಮೆನನ್ ಮಾರ್ಗದ ಅವರ ಬಂಗಲೆಗೆ ಗೇಟೇ ಇರಲಿಲ್ಲ. ಬರ್ಮಾದಿಂದ ಓಡಿಬಂದ ವಿದ್ಯಾರ್ಥಿಗಳು ಒಳಗೆ ಬಿಡಾರ ಹೂಡಿದ್ದರು. ಇಸ್ತ್ರಿ ಕಾಣದ ಪೈಜಾಮ ಕುರ್ತಾ, ತನ್ನ ಬಟ್ಟೆ ತಾನೇ ಒಗೆಯುವುದು. ರಕ್ಷಣಾ ಖರೀದಿಯ ಲಂಚದ ತೆಹಲ್ಕಾ ಹಗರಣದಲ್ಲಿ 2001ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟವರು ಅದೇ ವರ್ಷ ಅಕ್ಟೋಬರಿನಲ್ಲಿ ಮರಳಿ ಕುರ್ಚಿಗೆ ಬಂದದ್ದು ನನಗೆ ಒಪ್ಪಿಗೆಯಲ್ಲ. ತನಿಖೆ ಮುಗಿಯುವ ತನಕ ಹೊರಗಿರಬೇಕಿತ್ತು. ಇವೆಲ್ಲ ಒಬ್ಬರೇ. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸುವುದು ಆಗದ ಕೆಲಸ. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಎಲ್ಲವನ್ನೂ ಕಸಿದುಕೊಂಡಿತು. 2019ರ ಜನವರಿ 29ರಂದು ದಿಲ್ಲಿಯಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಕಡೆಯ ಪ್ರಶ್ನೆ, ವಿಲೀನ. ರೈಲ್ವೆ ಬಜೆಟ್ಟಿಗೆ ಕಾಯಬಾರದೆಂದು ನಿಗಮವನ್ನು ರೈಲ್ವೆಯ ಹೊರಗಿಟ್ಟರು. ಹೊರಗಿದ್ದದ್ದರಿಂದಲೇ ಇವತ್ತು ಬಜೆಟ್ಟಿನ ದುಡ್ಡು ಅದಕ್ಕೆ ನೇರವಾಗಿ ಹರಿಯುವುದಿಲ್ಲ. ಮಾರ್ಗ ಬಹುಪಾಲು ಈಗಲೂ ಒಂಟಿ ಹಳಿಯದ್ದೇ. ಎದುರಿನ ಗಾಡಿಗೆ ದಾರಿ ಬಿಟ್ಟು ಸೇನಾಪುರದಲ್ಲೋ ಬಿಜೂರಿನಲ್ಲೋ ಕಾಯುವ ಸಂಕಟ ನಮಗೆಲ್ಲ ಗೊತ್ತು. ಕಟ್ಟಲು ಬೇಕಾಗಿದ್ದ ಉಪಾಯ ಬೆಳೆಸಲು ಸಾಲುತ್ತಿಲ್ಲ. ಆದ್ದರಿಂದ ವಿಲೀನವಾಗಲಿ ಎಂಬುದೇ ನಮ್ಮ ನಿಲುವು. ಆದರೆ ಮಂಗಳೂರು ಬಳಿಯ ತೋಕೂರಿನಲ್ಲಿ ಮುಗಿಯುವ ಈ ಮಾರ್ಗ ಯಾವ ರೈಲ್ವೆ ವಲಯಕ್ಕೆ ಸೇರುತ್ತದೆ, ಕರ್ನಾಟಕ ಹಾಕಿದ ಶೇ. 15ರ ಬಂಡವಾಳದ ಗತಿಯೇನು, ಜೋಡಿ ಹಳಿಗೆ ಇಷ್ಟು ವರ್ಷದೊಳಗೆ ಎಂಬ ಮಾತು ಕಾಗದದಲ್ಲಿ ಇರುತ್ತದೆಯೇ ಎಂಬುದನ್ನು ನಮ್ಮ ಸಂಸದರು ಸಹಿ ಬೀಳುವ ಮೊದಲೇ ಕೇಳಬೇಕು. ನಿಮ್ಮ ಪತ್ರವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತಿದ್ದೇವೆ. ಮಲ್ಯರ ಬಗ್ಗೆ ಬರೆಯುತ್ತೇನೆಂದು ಅದರಲ್ಲೇ ಹೇಳಿದ್ದೀರಲ್ಲ, ಆ ಬರಹವನ್ನು ತಿಂಗಳ ಹದಿನೈದರೊಳಗೆ ಕಳಿಸಿಕೊಡಿ.