ಬಲಮಗ್ಗುಲಿಗೆ ಹೊರಳಿದರೆ ಮಾಳಿಗೆ ತಿರುಗುತ್ತದೆ

ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಗೌರಮ್ಮ ಎಂದಿಟ್ಟುಕೊಳ್ಳಿ. ವಯಸ್ಸು 41, ಸಿರವಾರ ಕಡೆಯ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ಗಂಡನ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿದೆ, ನೀರು ತಲುಪುವುದೇ ಕಷ್ಟ. ಟೇಲ್ ಎಂಡ್ ಅಂದರೆ ಏನು ಅಂತ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವರು ಆಪ್ತಸಲಹೆಗೆಂದು ನನ್ನ ಹತ್ತಿರ ಬಂದದ್ದು "ಹೆದರಿಕಿ ಭಾಳ ಆಗ್ಯಾದ" ಅಂತ. ಐದು ತಿಂಗಳಿಂದ ಬಸ್ ಹತ್ತಿಲ್ಲ. ಮೀಟಿಂಗ್ ಇದ್ದರೆ ಏನೋ ನೆಪ ಹೇಳುತ್ತಾರೆ. ಸಂತೆಯಲ್ಲಿ ನಿಂತರೆ ನೆಲ ತೇಲಿದಂತಾಗಿ ಎದೆ ಡವಡವ. ಗಾಳಿ ಸೋಕಿದೆ ಎಂದು ಅತ್ತೆ ತಾಯಿತ ಕಟ್ಟಿಸಿದ್ದರು. ಕಾಲೇಜು ಓದುವ ಮಗ "ಅವ್ವಗ ಡಿಪ್ರೆಶನ್" ಎಂದು ತೀರ್ಪು ಕೊಟ್ಟಾಗಿತ್ತು. ನಾನೇನು ಕಡಿಮೆ? ಮೊದಲ ಎರಡು ಭೇಟಿಯಲ್ಲಿ ಸುಮ್ನೆ ಉಸಿರಾಟ ಕಲಿಸಿ ಕಳಿಸಿದೆ.

ಮೂರನೇ ಸಲ ಅವರೇ ಮಾತಿನ ಮಧ್ಯೆ ಅಂದರು: "ಮೊದಲನೇ ದಿನ ಹೆದರಿಕಿ ಇದ್ದಿಲ್ರಿ. ನಸುಕಿನ್ಯಾಗ ಬಲಮಗ್ಗುಲಿಗೆ ಹೊಳ್ಳಿದೆ, ಮಾಳಿಗಿನೇ ಗಿರ್ರ್ ಅಂತ ತಿರುಗಿತ್ರಿ." ಎಷ್ಟು ಹೊತ್ತು ಎಂದೆ. "ಅರ್ಧ ನಿಮಿಷ ಇರಬೇಕು." ಅವತ್ತಿನಿಂದ ಬಲಕ್ಕೆ ಮಲಗಿಯೇ ಇಲ್ಲವಂತೆ. ಈ ಒಂದು ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ತಪ್ಪು ನನ್ನದು.

ಕಿವಿಯ ವೈದ್ಯರಲ್ಲಿಗೆ ಕಳಿಸಿದೆ. ಅವರು ತಲೆಯನ್ನು ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆ ನೋಡಿದರು. ಗುಡ್ಡೆ ಓಡುತ್ತಿತ್ತು. ಒಳಕಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ, ಕ್ಯಾಲ್ಸಿಯಂ ಕಾರ್ಬೊನೇಟಿನವು. ಅವು ಜಾಗ ಬಿಟ್ಟು ಅರ್ಧಚಂದ್ರದಂಥ ನಾಳಕ್ಕೆ ಜಾರಿದ್ದವು. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಉರುಳಿಸುವ ಎಪ್ಲಿ ವಿಧಾನ ಮಾಡಿದರು. ಹತ್ತು ನಿಮಿಷದ ಕೆಲಸ.

ಮಾಳಿಗೆ ತಿರುಗುವುದು ನಿಂತಿತು. ತೇಲಾಟ ನಿಲ್ಲಲಿಲ್ಲ. ಗಂಡ ಹೆಂಡತಿ ಇಬ್ಬರೂ ಮತ್ತೆ ಬಂದರು, ಕೈಯಲ್ಲಿ ಗುಳಿಗೆಯ ಚೀಲ.

ಆ ಚೀಲದಲ್ಲಿ ಸಿನ್ನಾರಿಜಿನ್ ಇತ್ತು, ಬೀಟಾಹಿಸ್ಟಿನ್ ಇತ್ತು, ಎರಡೂ ತಲೆಸುತ್ತಿನ ಗುಳಿಗೆ. ಐದು ತಿಂಗಳಿಂದ ಹಳೇ ಚೀಟಿ ತೋರಿಸಿ ತಂದು ನುಂಗುತ್ತಿದ್ದರು. "ಇವು ತಿಂದ್ರೂ ಯಾಕ ವಾಸಿ ಆಗವಲ್ದು?" ಎಂದು ಗಂಡ ಕೇಳಿದರು. ಕಾಲುವೆಯ ಮನುಷ್ಯ, ಅವರ ಮಾತಿನಲ್ಲೇ ಹೇಳಿದೆ.

ತಲೆ ಅಲ್ಲಾಡದಿದ್ದರೂ ಎರಡೂ ಕಿವಿಯಿಂದ ಸುದ್ದಿ ಹರಿಯುತ್ತಲೇ ಇರುತ್ತದೆ. ಎಡದಂಡೆ, ಬಲದಂಡೆ ಎರಡರಲ್ಲೂ ನೀರು ಬಿಟ್ಟಂತೆ. ಮಂಗಗಳಲ್ಲಿ ಅಳೆದಾಗ ಒಂದೊಂದು ನರದ ಎಳೆಯೂ ಸುಮ್ಮನಿದ್ದಾಗಲೇ ಸೆಕೆಂಡಿಗೆ ಸರಾಸರಿ ಸುಮಾರು 90 ಸಲ ಮಿಡಿಯುತ್ತಿತ್ತು. ಕೂದಲಿನಂಥ ಎಳೆಗಳಿರುವ ಜೀವಕೋಶಗಳು ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುತ್ತವೆ. ಎದುರಿನ ನರದ ಮೇಲೆ ಅದನ್ನು ಹಿಡಿಯುವ ಗ್ರಾಹಕಗಳಿವೆ. ಹೊಲದ ತೂಬು ಅಂದುಕೊಳ್ಳಿ. ತಲೆ ಬಲಕ್ಕೆ ತಿರುಗಿದರೆ ಬಲದ ಹರಿವು ಜಾಸ್ತಿ, ಎಡದ್ದು ಕಡಿಮೆ. ಎರಡನ್ನೂ ಹೋಲಿಸಿ ಮೆದುಳು "ತಲೆ ತಿರುಗಿತು" ಅಂತ ತಿಳಿಯುತ್ತದೆ. ಒಂದು ಕಡೆ ಹರಿವು ಕೆಟ್ಟರೆ, ಕೂತಲ್ಲೇ ಕೂತರೂ ತಿರುಗಿದ ಹಾಗೆ. ಇದು ಹುಚ್ಚೂ ಅಲ್ಲ, ಗಾಳಿಯೂ ಅಲ್ಲ.

ಆ ಸುದ್ದಿ ಮೆದುಳಿನ ಬುಡಕ್ಕೆ ಬಂದು ಬೀಳುತ್ತದೆ. ಅಲ್ಲಿ ಹಿಸ್ಟಮೀನ್ ಎಂಬ ಇನ್ನೊಂದು ರಾಸಾಯನಿಕಕ್ಕೂ ತೂಬುಗಳಿವೆ. ಸಿನ್ನಾರಿಜಿನ್ ಅವುಗಳಲ್ಲಿ ಎಚ್1 ಎಂಬುದನ್ನು ಮುಚ್ಚುತ್ತದೆ, ಕ್ಯಾಲ್ಸಿಯಂನ ದಾರಿಯನ್ನೂ ತಡೆಯುತ್ತದೆ. ಮೆದುಳನ್ನು ಎಚ್ಚರ ಇಡುವುದೂ ಹಿಸ್ಟಮೀನೇ. ಅದಕ್ಕೇ ಗೌರಮ್ಮನಿಗೆ ಮಧ್ಯಾಹ್ನ ಮಕ್ಕಳ ಮುಂದೆ ತೂಕಡಿಕೆ. ಬೀಟಾಹಿಸ್ಟಿನ್ ಮಾತ್ರ ಅದೇ ಎಚ್1 ತೂಬನ್ನು ಮೆಲ್ಲಗೆ ಎತ್ತುವ ಜಾತಿ. ಗಂಡ ನಕ್ಕರು: "ಒಬ್ಬ ಗೇಟ್ ಎತ್ತವ, ಒಬ್ಬ ಇಳಸವ. ಇಬ್ಬರಿಗೂ ಪಗಾರ ನಾವ ಕೊಡಬೇಕು." ನಾನೂ ನಕ್ಕೆ.

ತಲೆ ಜೋರಾಗಿ ತಿರುಗಿ ವಾಂತಿಯಾಗುವ ಮೊದಲ ಎರಡು ಮೂರು ದಿನಕ್ಕೆ, ತಡೆಯುವ ಗುಳಿಗೆ ಬೇಕಾಗಬಹುದು. ತಿಂಗಳುಗಟ್ಟಲೆ ನುಂಗಿದರೆ, ಹೊಸ ಹರಿವಿಗೆ ಮೆದುಳು ಹೊಂದಿಕೊಳ್ಳುವುದೇ ತಡವಾಗುತ್ತದೆ. ಕಲಿಯಬೇಕಾದರೆ ಅದಕ್ಕೆ ತಪ್ಪು ಕಾಣಬೇಕಲ್ವಾ? ಇನ್ನೊಂದು ವಿಷಯ ಆಗಲೇ ಹೊರಬಿತ್ತು. ಅತ್ತೆಯೂ ಅದೇ ಸಿನ್ನಾರಿಜಿನ್ ಗುಳಿಗೆ ದಿನಾ ಒಂದು ತೆಗೆದುಕೊಳ್ಳುತ್ತಿದ್ದರಂತೆ. ಸಿನ್ನಾರಿಜಿನ್, ಮೈಯ ಚಲನೆಗೆ ಬೇಕಾದ ಡೋಪಮೀನ್ ಎಂಬ ರಾಸಾಯನಿಕದ ಗ್ರಾಹಕಗಳನ್ನೂ ಮುಚ್ಚುತ್ತದೆ. ವಯಸ್ಸಾದವರಿಗೆ ಬಹಳ ದಿನ ಕೊಟ್ಟರೆ ಪಾರ್ಕಿನ್ಸನ್ ತರಹದ ಕೈನಡುಕ ಬರಬಹುದು. ಅವರನ್ನೂ ಡಾಕ್ಟರಿಗೆ ತೋರಿಸಿ ಎಂದೆ.

ಹಾಗಾದರೆ ಹೆದರಿಕೆ? ಸಮತೋಲನದ ಸುದ್ದಿ ಬರುವ ಜಾಗದಿಂದ ಭಯದ ಕೇಂದ್ರದ ಕಡೆಗೂ ನರಗಳ ದಾರಿ ಇದೆ. ಮಾಳಿಗೆ ತಿರುಗಿದ ದಿನ ಮೆದುಳು ಕಾವಲು ಹಾಕಿತು. ಹರಳು ಸರಿಹೋದ ಮೇಲೂ ಕಾವಲು ತೆಗೆಯಲಿಲ್ಲ. ಪ್ರತಿ ಹೆಜ್ಜೆ ನೋಡಿ ಇಟ್ಟರೆ, ಮೈ ಬಿಗಿ ಹಿಡಿದರೆ, ತೇಲಾಟ ಜಾಸ್ತಿಯೇ ಆಗುತ್ತದೆ. ಮೂರು ತಿಂಗಳು ಮೀರಿ ಉಳಿಯುವ ಇಂಥ ಓಲಾಟದ ಲಕ್ಷಣಗಳನ್ನು ಬಾರಾನಿ ಸೊಸೈಟಿ ಎಂಬ, ತಲೆಸುತ್ತಿನ ತಜ್ಞರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಗುರುತು ಮಾಡಿಟ್ಟಿದೆ. ವೈದ್ಯರು ಪಿಪಿಪಿಡಿ ಎನ್ನುತ್ತಾರೆ.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಗುಳಿಗೆ ನೀವೇ ನಿಲ್ಲಿಸಬೇಡಿ, ಚೀಲ ಸಮೇತ ವೈದ್ಯರ ಹತ್ತಿರ ಹೋಗಿ. (ಅವರು ಎರಡು ವಾರದಲ್ಲಿ ಇಳಿಸಿ ನಿಲ್ಲಿಸಿದರು. ಆಮೇಲೂ ಕಡಿಮೆ ಆಗದಿದ್ದರೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುವ ಔಷಧಿ ನೋಡೋಣ ಎಂದರಂತೆ.) ದಿನಕ್ಕೆ ಮೂರು ಸಲ, ಹೆಬ್ಬೆರಳು ನೋಡುತ್ತಾ ತಲೆಯನ್ನು ಎಡಬಲ ಆಡಿಸಿ. ತುಸು ತಿರುಗಿದರೆ ಒಳ್ಳೆಯದೇ, ಮೆದುಳಿಗೆ ಪಾಠ ಆಗುತ್ತಿದೆ. ಗೋಡೆ ಹಿಡಿಯದೆ ಅಂಗಳದಲ್ಲಿ ನಡೆಯಿರಿ. ಬಸ್ಸಿನಲ್ಲಿ ಮೊದಲ ವಾರ ಒಂದೇ ಸ್ಟಾಪ್, ಆಮೇಲೆ ಎರಡು. ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮಾತ್ರ ನನ್ನ ಹತ್ತಿರ ಬರಬೇಡಿ, ನೇರ ಆಸ್ಪತ್ರೆ. ಅತ್ತೆಯ ತಾಯಿತ ಇರಲಿ ಬಿಡಿ ಎಂದೆ, ಅದು ಯಾವ ಗ್ರಾಹಕವನ್ನೂ ಮುಚ್ಚುವುದಿಲ್ಲ.

ಎರಡನೇ ವಾರ ಗೌರಮ್ಮ ಅಳುತ್ತಾ ಫೋನ್ ಮಾಡಿದ್ದರು. ಸಂತೆಯಿಂದ ಅರ್ಧಕ್ಕೇ ವಾಪಸ್ ಬಂದಿದ್ದರು. ಅರ್ಧ ಸಂತೆ ಆಯ್ತಲ್ಲ ಎಂದೆ.

ಏಳನೇ ವಾರ ಸಿರವಾರದಿಂದ ರಾಯಚೂರಿಗೆ ಒಬ್ಬರೇ ಬಸ್ಸಿನಲ್ಲಿ ಬಂದರು. ಕಿಟಕಿ ಪಕ್ಕ ಕೂತಿದ್ದರಂತೆ. ಬಲಕ್ಕೆ ಮಲಗುತ್ತೀರಾ ಎಂದು ಕೇಳಿದೆ. "ಇನ್ನಾ ಇಲ್ರಿ," ಎಂದು ನಕ್ಕರು, "ಅದೊಂದು ಬಾಕಿ ಐತಿ."